ಹಳಿ ಕಾಯ್ದ ಹಿರಿಯರು

ಕೋಠಿಯ ಗಲ್ಲಿಯೊಂದರಲ್ಲಿ ಸುಮಾರು ಮೂವತ್ತು ವರ್ಷ ವಾಸವಾಗಿದ್ದ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಳೆದ ತಿಂಗಳು ತೀರಿಕೊಂಡರು. ವಯಸ್ಸು ಎಂಬತ್ತೇಳು ದಾಟಿತ್ತು. ರೈಲ್ವೆಯಲ್ಲಿ ಮೂವತ್ತೆಂಟು ವರ್ಷ ದುಡಿದು, 1996ರಲ್ಲಿ ನಿವೃತ್ತರಾಗಿ, ಮಗಳ ಸಂಸಾರದ ಜೊತೆಯಲ್ಲಿರಲು ಈ ಊರಿಗೆ ಬಂದವರು. ಪತ್ರಿಕೆಯಲ್ಲಿ ತಮ್ಮ ಹೆಸರು ಬರಕೂಡದೆಂದು ಬದುಕಿದ್ದಾಗಲೇ ಹೇಳಿದ್ದರಿಂದ ನಾವು ಹೆಸರು ಬರೆಯುವುದಿಲ್ಲ. ಕಲಬುರಗಿ, ಬೀದರ ಕಡೆಯ ನಮ್ಮ ಮಿಲ್ ಕಾರ್ಮಿಕರು ಅವರನ್ನು ‘ಕೀಮನ್ ಮುತ್ಯಾ’ ಎನ್ನುತ್ತಿದ್ದರು. ಉಡುಪಿ, ಕುಂದಾಪುರ ಕಡೆಯ ಹೋಟೆಲ್ ಹುಡುಗರಿಗೆ ಅವರು ಬರೀ ‘ಅಜ್ಜ’. ಈ ಎರಡು ಹೆಸರುಗಳೇ ಓದುಗರಿಗೆ ಅವರ ಗುರುತು ಹೇಳಲು ಸಾಕು.

ದೊಡ್ಡವರು ಕಾಲವಾದಾಗ ಅಗ್ರಲೇಖನ ಬರೆಯುವುದು ಪತ್ರಿಕೆಗಳ ರೂಢಿ. ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆದವನಿಗೆ ಅಗ್ರಲೇಖನವೇಕೆ ಎಂದು ಯಾರಾದರೂ ಕೇಳಬಹುದು. ಈ ಪತ್ರಿಕೆ ಕಾರ್ಮಿಕರದು, ನಮ್ಮಲ್ಲಿ ದೊಡ್ಡವರು ಇಂಥವರೇ. ಇಷ್ಟೇ ಅಲ್ಲದೆ, ಇವರ ಬಾಳಿನಲ್ಲಿ ಹೋಟೆಲ್ ಮತ್ತು ಮಿಲ್ ಕಾರ್ಮಿಕರೆಲ್ಲರೂ ಕಲಿಯತಕ್ಕ ಒಂದು ಪಾಠವಿದೆ. ಅದನ್ನು ಹೇಳದೆ ಬರೀ ಕಣ್ಣೀರು ಸುರಿಸಿದರೆ ಅವರಿಗೆ ಮೆಚ್ಚಿಕೆಯಾಗುತ್ತಿರಲಿಲ್ಲ.

ಅವರು ಹುಟ್ಟಿದ್ದು ಸೇಡಂ ಸೀಮೆಯ ಒಂದು ಹಳ್ಳಿಯಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ಬರುವ ರೈಲುದಾರಿ ಆ ಸೀಮೆಯ ನಡುವೆಯೇ ಹಾದುಬರುತ್ತದೆ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು, ವಿಕಾರಾಬಾದ್ ಎಂದು ನಿಲ್ದಾಣಗಳ ಹೆಸರನ್ನು ಅವರು ಮಗ್ಗಿಯಂತೆ ಒಪ್ಪಿಸುತ್ತಿದ್ದರು. ನಿಜಾಮರ ರಾಜ್ಯವನ್ನು ಮುಂಬಯಿ-ಮದ್ರಾಸು ದಾರಿಗೆ ಜೋಡಿಸಿದ ಈ ಮಾರ್ಗ ತೆರೆದದ್ದು 1874ರಲ್ಲಿ. 1930ರಲ್ಲಿ ನಿಜಾಮ ಸರಕಾರ ರೈಲ್ವೆಯನ್ನು ಕಂಪನಿಯ ಕೈಯಿಂದ ಕೊಂಡುಕೊಂಡಿತು. 1951ರಲ್ಲಿ ಅದು ಮಧ್ಯ ರೈಲ್ವೆಯಲ್ಲಿ ಸೇರಿತು. 1966ರ ಅಕ್ಟೋಬರ್ 2ರಂದು ಸಿಕಂದರಾಬಾದಿನಲ್ಲಿ ಕೇಂದ್ರ ಕಚೇರಿಯಿಟ್ಟು ದಕ್ಷಿಣ ಮಧ್ಯ ರೈಲ್ವೆ ಹುಟ್ಟಿತು. 1956ರಲ್ಲಿ ಹೈದರಾಬಾದು ರಾಜ್ಯವೇ ಮೂರು ಪಾಲಾಗಿ, ಅವರ ಹಳ್ಳಿ ಮೈಸೂರು ರಾಜ್ಯಕ್ಕೂ ಈ ನಗರ ಆಂಧ್ರಪ್ರದೇಶಕ್ಕೂ ಹೋದವು. ಈ ಬದಲಾವಣೆಗಳನ್ನೆಲ್ಲ ಅವರು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: “ಬೋರ್ಡ್ ಬದಲಾತು, ಸಾಹೇಬ ಬದಲಾದ. ಸುತ್ತಿಗಿ ಅದೇ ಇತ್ತು.”

1958ರಲ್ಲಿ ಇಪ್ಪತ್ತರ ಹರೆಯದಲ್ಲಿ ಗ್ಯಾಂಗ್‌ಮನ್ ಆಗಿ ಸೇರಿದರು. ಹಳಿಯ ಕೆಳಗೆ ಜಲ್ಲಿ ತುಂಬಿ ಬಡಿಯುವುದು, ಸ್ಲೀಪರ್ ಎತ್ತಿ ಬದಲಿಸುವುದು, ಕಲಬುರಗಿ ಸೀಮೆಯ ಬೇಸಗೆಯಲ್ಲಿ ಕಾದ ಕಬ್ಬಿಣಕ್ಕೆ ಹೆಗಲು ಕೊಡುವುದು, ಇದು ಅವರ ಮೊದಲ ಕೆಲಸ. ಮುಂದೆ ಕೀಮನ್ ಆದರು. ನಮ್ಮ ಓದುಗರಲ್ಲಿ ರೈಲು ಹತ್ತದವರು ಯಾರೂ ಇರಲಾರರು. ಆದರೆ ಕೀಮನ್ ಎಂಬವನ ಕೆಲಸವೇನೆಂದು ತಿಳಿದವರು ಕಡಿಮೆ. ಹಳಿಯನ್ನು ಸ್ಲೀಪರಿಗೆ ಬಿಗಿದು ಹಿಡಿಯುವ ಕೀಲಿಗಳು ಗಾಡಿಯ ಅದುರಿಗೆ ಸಡಿಲವಾಗುತ್ತವೆ. ಅವನ್ನು ದಿನದಿನವೂ ನೋಡಿ, ಸಡಿಲಾದದ್ದನ್ನು ಬಡಿದು ಕೂರಿಸುವುದು, ಹಳಿಗಳ ಜೋಡಣೆಯ ಬೋಲ್ಟು ಬಿಗಿಯುವುದು, ಬಿರುಕೇನಾದರೂ ಬಿಟ್ಟಿದೆಯೇ ಎಂದು ಪರೀಕ್ಷಿಸುವುದು ಅವನ ಹೊಣೆ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟ, ಚೀಲದಲ್ಲಿ ಪಟಾಕಿ. ತನ್ನ ಸರಹದ್ದನ್ನು ಹೋಗುವಾಗ ಒಂದು ಹಳಿ, ಬರುವಾಗ ಮತ್ತೊಂದು ಹಳಿ ನೋಡುತ್ತಾ ನಡೆಯಬೇಕು.

ಪಟಾಕಿ ಎಂದರೆ ದೀಪಾವಳಿಯದಲ್ಲ. ಹಳಿ ಮುರಿದಿರುವುದು ಕಂಡರೆ, ಬ್ರಾಡ್‌ಗೇಜ್ ಮಾರ್ಗದಲ್ಲಿ, ಗಾಡಿ ಬರುವ ದಿಕ್ಕಿಗೆ ಕೆಂಪು ಬಾವುಟ ತೋರುತ್ತಾ ಓಡಬೇಕು. 600 ಮೀಟರಿನಲ್ಲಿ ಒಂದು ಪಟಾಕಿ, 1200 ಮೀಟರಿನಲ್ಲಿ ಹತ್ತು ಹತ್ತು ಮೀಟರ್ ಅಂತರದಲ್ಲಿ ಮೂರು ಪಟಾಕಿ ಹಳಿಗೆ ಕಟ್ಟಬೇಕು. ಗಾಲಿ ಹತ್ತಿ ಅವು ಸಿಡಿದರೆ ಡ್ರೈವರನು ಗಾಡಿ ನಿಲ್ಲಿಸುತ್ತಾನೆ. ಚಳಿಗಾಲದ ನಸುಕಿನಲ್ಲಿ ಕಬ್ಬಿಣ ಕುಗ್ಗಿ ಹಳಿ ಸೀಳುವ ಭಯ ಹೆಚ್ಚು. ಮಳೆಗಾಲದಲ್ಲಿ ರಾತ್ರಿಯಿಡೀ ಲಾಟೀನು ಹಿಡಿದು, ನೀರು ಹರಿದು ಮಣ್ಣು ಕುಸಿದಿದೆಯೇ ಎಂದು ಗಸ್ತು ತಿರುಗಬೇಕು. ಗಾಡಿಯಲ್ಲಿ ನಿದ್ದೆಹೋದ ಸಾವಿರ ಜನಕ್ಕೆ ಹೊರಗೆ ಒಬ್ಬ ಎಚ್ಚರವಾಗಿದ್ದಾನೆಂಬುದೇ ಗೊತ್ತಿರುವುದಿಲ್ಲ.

ಅವರು ದಿನಕ್ಕೆ ಹೋಗಿಬರುವ ದಾರಿ ಹನ್ನೆರಡು ಕಿಲೋಮೀಟರು. ವರ್ಷಕ್ಕೆ 300 ದಿನವೆಂದು ಹಿಡಿದರೂ 3,600 ಕಿಲೋಮೀಟರು. ಹನ್ನೆರಡು ವರ್ಷ ಕೀಮನ್ ಆಗಿ ಅವರು ನಡೆದದ್ದು 43,200 ಕಿಲೋಮೀಟರು. ಭೂಮಿಯ ಸುತ್ತಳತೆ ಸುಮಾರು 40,000. ಸೇಡಂ ಸೀಮೆಯನ್ನು ಬಿಟ್ಟು ಹೋಗದ ಮನುಷ್ಯ ಭೂಪ್ರದಕ್ಷಿಣೆ ಮುಗಿಸಿ ಇನ್ನೂ ಮೂರು ಸಾವಿರ ಕಿಲೋಮೀಟರು ಮುಂದೆ ನಡೆದಿದ್ದರು. ಕೊನೆಯ ವರ್ಷಗಳಲ್ಲಿ ಗ್ಯಾಂಗಿನ ಮೇಟ್ ಆಗಿ ನಿವೃತ್ತರಾದರು.

ಒಮ್ಮೆ ನಮ್ಮ ಹುಡುಗನೊಬ್ಬನು, ಇಷ್ಟೆಲ್ಲ ನಡೆದು ಎಷ್ಟು ಸಲ ಗಾಡಿ ಉಳಿಸಿದಿರಿ ಎಂದು ಕೇಳಿದ. ಅವರು ಕೊಟ್ಟ ಉತ್ತರ ಹೀಗೆ: “ತಮ್ಮಾ, ಕೀಲಿ ಒಂದು ಸಡಲಾದ್ರ ಅವತ್ತೇ ಗಾಡಿ ಬೀಳಂಗಿಲ್ಲ. ಅದಕ್ಕೇ ಅದನ್ನ ಯಾರೂ ನೋಡಂಗಿಲ್ಲ. ದಿನಾ ನೋಡಾಂವ ಒಬ್ಬ ಇದ್ರ ಉಳಿಸೋ ಪ್ರಸಂಗನೇ ಬರಂಗಿಲ್ಲ.”

ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ನಾವು ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

1974ರ ಮೇ 8ರಂದು ಆರಂಭವಾಗಿ ಮೇ 27ರ ವರೆಗೆ ನಡೆದ ರೈಲ್ವೆ ಮುಷ್ಕರದಲ್ಲಿ ಅವರೂ ಸೇರಿದ್ದರು. ಆ ಮುಷ್ಕರದ ಮುಂದಾಳು ಜಾರ್ಜ್ ಫರ್ನಾಂಡಿಸರು ಮಂಗಳೂರಿನವರು. ರೈಲ್ವೆ ನೌಕರರ ಒಕ್ಕೂಟಕ್ಕೆ ಅಧ್ಯಕ್ಷರಾಗುವುದಕ್ಕೆ ಬಹಳ ಮೊದಲೇ, ಹತ್ತೊಂಬತ್ತು ಇಪ್ಪತ್ತರ ವಯಸ್ಸಿನಲ್ಲಿ, ಮಂಗಳೂರಿನ ಹೋಟೆಲ್ ಕಾರ್ಮಿಕರನ್ನು ಒಗ್ಗೂಡಿಸುವ ಕೆಲಸದಿಂದ ಅವರು ಕಾರ್ಮಿಕ ಚಳವಳಿಗೆ ಕಾಲಿಟ್ಟರು. ಹೋಟೆಲಿನ ಅಡಿಗೆಮನೆಯಲ್ಲಿ ಕಲಿತ ಸಂಘಟನೆಯ ಪಾಠ ದೇಶದ ರೈಲನ್ನೇ ನಿಲ್ಲಿಸುವ ವರೆಗೆ ಹೋಯಿತೆಂದು ನಮ್ಮ ಹೋಟೆಲ್ ಬಾಂಧವರು ಅಭಿಮಾನಪಡಬಹುದು. ಕೆಲಸದ ವೇಳೆಗೆ ಮಿತಿ, ಬೋನಸ್ಸು, ಸಂಬಳದಲ್ಲಿ ನ್ಯಾಯ, ಇವು ಅಂದಿನ ಬೇಡಿಕೆಗಳು. ಸರಕಾರ ಬಿಗಿಮುಷ್ಟಿಯಿಂದ ಎದುರಿಸಿತು. ಮುಷ್ಕರ ಆರಂಭವಾಗುವ ಮೊದಲೇ ಫರ್ನಾಂಡಿಸರನ್ನು ಹಿಡಿದರು. ಸಾವಿರಾರು ಜನ ಸೆರೆಮನೆ ಸೇರಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು.

ನಮ್ಮ ಹಿರಿಯರೂ ಕೆಲಸ ಕಳೆದುಕೊಂಡವರಲ್ಲಿ ಒಬ್ಬರು. ಮೂರು ವರ್ಷ ಮನೆ ನಡೆದದ್ದು ಅವರ ಹೆಂಡತಿ ತಾಂಡೂರಿನ ಕಡೆಯ ಪರ್ಸಿಕಲ್ಲಿನ ಗಣಿಯಲ್ಲಿ ಹೊತ್ತ ಕಲ್ಲಿನಿಂದ. 1977ರಲ್ಲಿ ಜನತಾ ಸರಕಾರ ಬಂದು, ಮಧು ದಂಡವತೆಯವರು ರೈಲ್ವೆ ಮಂತ್ರಿಗಳಾದ ಮೇಲೆ ಮುಷ್ಕರದಲ್ಲಿ ಕೆಲಸ ಕಳೆದುಕೊಂಡವರನ್ನು ಹಿಂದಕ್ಕೆ ತೆಗೆದುಕೊಂಡರು. ಅಂದು ಸೋತಿತೆಂದು ಎಲ್ಲರೂ ಹೇಳಿದ ಮುಷ್ಕರದ ಬೋನಸ್ ಬೇಡಿಕೆಯೂ 1979-80ರಲ್ಲಿ ಉತ್ಪಾದಕತೆಯ ಬೋನಸ್ ಎಂಬ ಹೆಸರಿನಲ್ಲಿ ಈಡೇರಿತು. ಈ ಕಥೆ ಹೇಳುವಾಗ ನಮ್ಮ ಹಿರಿಯರು ತಮ್ಮ ಧೈರ್ಯವನ್ನು ಎಂದೂ ಹೊಗಳಿಕೊಂಡವರಲ್ಲ. “ಮುಷ್ಕರ ನಾ ಮಾಡ್ದೆ, ಕಲ್ಲು ಆಕಿ ಹೊತ್ಳು” ಎನ್ನುತ್ತಿದ್ದರು. ಕಾರ್ಮಿಕ ಚಳವಳಿಯ ಚರಿತ್ರೆ ಬರೆಯುವವರು ಆ ತಾಯಂದಿರ ಲೆಕ್ಕವನ್ನೂ ಬರೆದಿಡಬೇಕೆಂದು ನಮ್ಮ ಅಭಿಪ್ರಾಯ.

ಈಗ ಪಾಠಕ್ಕೆ ಬರೋಣ.

ರೈಲ್ವೆಯಲ್ಲಿ ಮೊದಲು ಪಿಂಚಣಿ ಇರಲಿಲ್ಲ, ಭವಿಷ್ಯನಿಧಿ ಇತ್ತು. ನಿವೃತ್ತನಾದ ದಿನ ಒಂದು ಗಂಟು ಹಣ ಕೈಗೆ ಬರುತ್ತಿತ್ತು, ಅಲ್ಲಿಗೆ ಮುಗಿಯಿತು. 1957ರ ನವೆಂಬರ್ 16ರ ನಂತರ ಸೇರಿದವರಿಗೆ ಪಿಂಚಣಿಯ ಪದ್ಧತಿ ಬಂತು. ಅದಕ್ಕೆ ಮೊದಲೇ ಇದ್ದವರಿಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟರು. ನಮ್ಮ ಹಿರಿಯರು 1958ರಲ್ಲಿ ಸೇರಿದ್ದರಿಂದ ಪಿಂಚಣಿಯ ಪಟ್ಟಿಯಲ್ಲಿ ಬಂದರು. ಅವರ ಗ್ಯಾಂಗಿನ ಅಂದಿನ ಮೇಟ್ ನಿಜಾಮರ ಕಾಲದಿಂದ ಇದ್ದವರು. ಪಿಂಚಣಿ ತಿಂಗಳಿಗಿಷ್ಟು ಚಿಲ್ಲರೆ, ಭವಿಷ್ಯನಿಧಿಯಾದರೆ ಕೈತುಂಬ ಹಣ ಎಂದು ಅದನ್ನೇ ಉಳಿಸಿಕೊಂಡರು. ನಿವೃತ್ತರಾದ ಮೇಲೆ ಆ ಹಣ ಮಗಳ ಮದುವೆಗೂ ಮನೆಯ ಮಾಡಿಗೂ ಸಾಲಕ್ಕೂ ಹೋಗಿ ನಾಲ್ಕು ವರ್ಷದಲ್ಲಿ ಕರಗಿತು. ಆಮೇಲೆ ಆ ಮೇಟ್ ಹದಿನೈದು ವರ್ಷ ಬದುಕಿದ್ದರು. ತಾನು ಕಾಯ್ದ ಹಳಿಯ ಪಕ್ಕದಲ್ಲೇ, ಚಹದಂಗಡಿಯಲ್ಲಿ ಲೋಟ ತೊಳೆಯುತ್ತಿದ್ದರು.

ಅಂಥವರ ಕೂಗು ಸುಪ್ರೀಂ ಕೋರ್ಟಿನ ವರೆಗೆ ಹೋಯಿತು. 1982ರ ಡಿಸೆಂಬರ್ 17ರಂದು ನಕಾರಾ ಮೊಕದ್ದಮೆಯಲ್ಲಿ ಆ ನ್ಯಾಯಾಲಯವು, ಪಿಂಚಣಿಯೆಂಬುದು ಮಾಲಿಕನ ಮನಸ್ಸು ಬಂದಾಗ ಕೊಡುವ ಇನಾಮಲ್ಲ, ದುಡಿದವನ ಹಕ್ಕು ಎಂಬ ತತ್ತ್ವವನ್ನು ಎತ್ತಿಹಿಡಿದಿತ್ತು. ಆ ಧೈರ್ಯದ ಮೇಲೆ ಭವಿಷ್ಯನಿಧಿ ಪಡೆದ ರೈಲ್ವೆ ನಿವೃತ್ತರೂ ನಮಗೂ ಪಿಂಚಣಿ ಕೊಡಿಸಿ ಎಂದು ಹೋದರು. 1990ರ ಜುಲೈ 13ರಂದು ಕೃಷ್ಣಕುಮಾರ್ ಮೊಕದ್ದಮೆಯಲ್ಲಿ ಐವರು ನ್ಯಾಯಾಧೀಶರ ಪೀಠವು ಅದನ್ನು ಒಪ್ಪಲಿಲ್ಲ. ಆರಿಸಿಕೊಳ್ಳಲು ಹಲವು ಸಲ ಅವಕಾಶ ಕೊಟ್ಟಿದ್ದಾಗ ಆರಿಸಿಕೊಳ್ಳದೆ ಹೋದವರಿಗೆ ಈಗ ದಾರಿಯಿಲ್ಲವೆಂದಿತು. ಒಂದು ಕಾಗದದ ಮೇಲೆ ಹಾಕಿದ, ಅಥವಾ ಹಾಕದೆ ಬಿಟ್ಟ ಒಂದು ಹೆಬ್ಬೆಟ್ಟಿನ ಬೆಲೆ ಇಷ್ಟು.

ಹೋಟೆಲಿನ ಬಾಂಧವರು ಇಲ್ಲಿ, “ಅದು ಸರಕಾರಿ ನೌಕರಿ, ನಮಗೂ ಅದಕ್ಕೂ ಏನು ಸಂಬಂಧ?” ಎನ್ನಬಹುದು. ಸಂಬಂಧವಿದೆ. ಇಪ್ಪತ್ತು ಮತ್ತು ಅದಕ್ಕಿಂತ ಹೆಚ್ಚು ಜನ ದುಡಿಯುವ ಹೋಟೆಲು, ಮಿಲ್ಲು, ಕಾರ್ಖಾನೆಗೆ ನೌಕರರ ಭವಿಷ್ಯನಿಧಿ ಅನ್ವಯಿಸುತ್ತದೆ. ನಮ್ಮ ಸಂಬಳದಿಂದ ನೂರಕ್ಕೆ 12, ಮಾಲಿಕನಿಂದ ಅಷ್ಟೇ. ಮಾಲಿಕನ ಪಾಲಿನಲ್ಲಿ ನೂರಕ್ಕೆ 8.33ರಷ್ಟು 1995ರಲ್ಲಿ ಬಂದ ಪಿಂಚಣಿ ಯೋಜನೆಗೆ ಹೋಗುತ್ತದೆ. ಹತ್ತು ವರ್ಷದ ಸೇವೆ ತುಂಬಿದರೆ 58ನೆಯ ವಯಸ್ಸಿನಿಂದ ಸಾಯುವ ತನಕ ಪಿಂಚಣಿ, ಆಮೇಲೆ ಹೆಂಡತಿಗೆ. ಲೆಕ್ಕ ಸುಲಭವಾದದ್ದು: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 2014ರಲ್ಲಿ ಗೊತ್ತುಮಾಡಿದ ಮಿತಿಯಂತೆ 15,000 ರೂಪಾಯಿ ಹಿಡಿದರೆ, ಹತ್ತು ವರ್ಷ ದುಡಿದವನಿಗೆ ತಿಂಗಳಿಗೆ 2,142 ರೂಪಾಯಿ, ಹದಿನೆಂಟು ವರ್ಷ ದುಡಿದವನಿಗೆ 3,857 ರೂಪಾಯಿ. ಇದರಿಂದ ಸಂಸಾರ ಸಾಗದೆಂದು ನಾವೂ ಬಲ್ಲೆವು. ಅದೇ ವರ್ಷ ಗೊತ್ತುಮಾಡಿದ ಕನಿಷ್ಠ ಪಿಂಚಣಿಯಾದ ಸಾವಿರ ರೂಪಾಯಿಯಂತೂ ಕೋಠಿಯಲ್ಲಿ ಒಬ್ಬನ ಎರಡು ಹೊತ್ತಿನ ಚಹಕ್ಕೂ ತಿಂಡಿಗೂ ತಿಂಗಳು ಪೂರ್ತಿ ಬರಲಾರದು. ಅದು ಹೆಚ್ಚಬೇಕೆಂಬ ಹೋರಾಟ ನ್ಯಾಯವಾದದ್ದು, ನಾವು ಅದರ ಜೊತೆಗಿದ್ದೇವೆ.

ಆದರೆ ಕಡಿಮೆ ಬರುವುದು ಬೇರೆ, ಏನೂ ಬಾರದಿರುವುದು ಬೇರೆ. ನಮ್ಮ ಹುಡುಗರು ಇಂದು ಈ ಹೋಟೆಲು, ಬರುವ ವರ್ಷ ಇನ್ನೊಂದು ಹೋಟೆಲು. ಬಿಡುವಾಗಲೆಲ್ಲ ಭವಿಷ್ಯನಿಧಿಯ ಜೊತೆಗೆ ಪಿಂಚಣಿಯ ಪಾಲನ್ನೂ ತೆಗೆದುಕೊಂಡು ಬಿಡುತ್ತಾರೆ. ಹಾಗೆ ತೆಗೆದುಕೊಂಡರೆ ಆ ವರ್ಷಗಳ ಸೇವೆ ಅಳಿಸಿಹೋಗಿ ಮತ್ತೆ ಒಂದರಿಂದ ಎಣಿಕೆ. ಮೂರು ವರ್ಷ, ನಾಲ್ಕು ವರ್ಷ, ಐದು ವರ್ಷ ಎಂದು ಮೂರು ಕಡೆ ದುಡಿದವನು ಕೂಡಿಸಿಕೊಂಡರೆ ಹನ್ನೆರಡು ವರ್ಷವಾಗಿ ಪಿಂಚಣಿಗೆ ಅರ್ಹನು. ಪ್ರತಿಸಲವೂ ತೆಗೆದುಕೊಂಡರೆ ಮೂವತ್ತು ವರ್ಷ ಬಾಣಲೆಯ ಮುಂದೆ ಬೆಂದವನೂ ಬರಿಗೈಯವನು. ಹಣ ತೆಗೆಯುವ ಬದಲು ಹಳೆಯ ಖಾತೆಯನ್ನು ಹೊಸ ಕೆಲಸಕ್ಕೆ ವರ್ಗ ಮಾಡಿಸಬಹುದು. ಕೆಲಸ ಬಿಟ್ಟು ಊರಿಗೆ ಹೋಗುವವನು ಸೇವೆಯ ಸ್ಕೀಮ್ ಸರ್ಟಿಫಿಕೇಟ್ ಪಡೆದಿಟ್ಟುಕೊಳ್ಳಬಹುದು. ಡಿ.ಬಿ.ಆರ್. ಮಿಲ್ಲಿನಂತೆ, ಕಲಬುರಗಿಯ ಎಂ.ಎಸ್.ಕೆ. ಮಿಲ್ಲಿನಂತೆ ಬಾಗಿಲೇ ಮುಚ್ಚಿದರೂ, ನಿಧಿಗೆ ಕಟ್ಟಿದ ಹಣ ಕಾರ್ಮಿಕನದೇ. ಮಿಲ್ಲಿನ ಬೀಗದ ಜೊತೆ ಅದಕ್ಕೆ ಬೀಗ ಬೀಳುವುದಿಲ್ಲ.

ನಮ್ಮ ಹಿರಿಯರು ನಿವೃತ್ತಿಯ ನಂತರ ಇಲ್ಲಿ ಮಾಡಿದ ಕೆಲಸ ಇದೇ ಆಗಿತ್ತು. ಶಾಲೆಯ ಮುಖ ಕಾಣದೆ, ಮೂವತ್ತರ ಹತ್ತಿರದಲ್ಲಿ ಅಕ್ಷರ ಕಲಿತವರು. ಯಾವ ಕಾಗದ ಮುಂದಿಟ್ಟರೂ “ಏನ್ ಬರ್ದದ ಓದಿ ಹೇಳ್ರಿ, ಆಮ್ಯಾಲ ಸಹಿ” ಎನ್ನುವುದು ಅವರ ಹಟ. ನಮ್ಮ ಹುಡುಗರನ್ನು ಬರ್ಕತ್‌ಪುರದ ಭವಿಷ್ಯನಿಧಿ ಕಚೇರಿಗೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಆಧಾರಿನಲ್ಲಿ ಒಂದು ಹೆಸರು, ಹೋಟೆಲಿನ ಪುಸ್ತಕದಲ್ಲಿ ಇನ್ನೊಂದು ಹೆಸರು, ಮನೆಯಲ್ಲಿ ಕರೆಯುವುದು ಮತ್ತೊಂದು. ಇದನ್ನು ಒಂದು ಮಾಡಿಸುವುದರಲ್ಲೇ ಅವರ ಅರ್ಧ ಆಯುಷ್ಯ ಕಳೆಯಿತೆಂದು ನಾವು ನಗೆಯಾಡುತ್ತಿದ್ದೆವು. ಕುಂದಾಪುರದ ಹುಡುಗನೊಬ್ಬ, “ಅಜ್ಜ, ಮೂವತ್ತು ವರ್ಷದ ಮೇಲಿನ ಚಿಂತೆ ಈಗ ಎಂತಕ್ಕೆ?” ಎಂದಾಗ ಅವರು ಬೈಯಲಿಲ್ಲ. ಮೇಟ್ ಲೋಟ ತೊಳೆದ ಕಥೆಯನ್ನು ಹೇಳಿದರು. ಆ ಹುಡುಗ ಈಗ ದೊಡ್ಡ ಅಡಿಗೆಯವನಾಗಿದ್ದಾನೆ, ಅವನ ಸೇವೆ ಹದಿನಾಲ್ಕು ವರ್ಷ ಕೂಡಿದೆ.

ತಮ್ಮ ಮನೆಯ ಕಾಗದವನ್ನೂ ಅವರು ಹಾಗೆಯೇ ನೋಡಿಕೊಂಡರು. ಪಿಂಚಣಿಯ ಆದೇಶದಲ್ಲಿ ಹೆಂಡತಿಯ ಹೆಸರು ತಪ್ಪಾಗಿ ಬಿದ್ದಿದ್ದನ್ನು ಹನ್ನೆರಡು ವರ್ಷದ ಹಿಂದೆಯೇ ಅರ್ಜಿಯ ಮೇಲೆ ಅರ್ಜಿ ಹಾಕಿ ತಿದ್ದಿಸಿದರು. ಪ್ರತಿ ನವೆಂಬರಿನಲ್ಲಿ ಬ್ಯಾಂಕ್ ಸ್ಟ್ರೀಟಿಗೆ ಹೋಗಿ ಬದುಕಿದ್ದೇನೆಂದು ಸಹಿ ಹಾಕಿ ಬರುತ್ತಿದ್ದರು. “ಸತ್ತೀನಿ ಅಂತ ಹೇಳಾಕ ಯಾರರ ಹೋಗ್ತಾರ, ಇದ್ದೀನಿ ಅಂತ ನಾನೇ ಹೋಗಬೇಕು” ಎನ್ನುವುದು ಅವರ ವಿನೋದ. ಇಂದು ಅವರಿಲ್ಲ. ಆದರೆ ಕಲ್ಲು ಹೊತ್ತ ಆ ತಾಯಿ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಕಾಗದ ಸರಿಯಿದ್ದುದರಿಂದ ಕುಟುಂಬ ಪಿಂಚಣಿಯ ಕೆಲಸ ಅಡ್ಡಿಯಿಲ್ಲದೆ ಸಾಗುತ್ತಿದೆ. ರೈಲ್ವೆಯಲ್ಲಿ ಈ ಕುಟುಂಬ ಪಿಂಚಣಿ ಬಂದದ್ದೂ 1964ರಲ್ಲಿ. ಅದಕ್ಕಿಂತ ಹಿಂದಿನ ವಿಧವೆಯರು ಏನು ಮಾಡಿದರೆಂಬುದನ್ನು ಯೋಚಿಸಿದರೆ ಎದೆ ನಡುಗುತ್ತದೆ.

ಗಳಿಸಿದ್ದು ತಾನಾಗಿ ಉಳಿಯುವುದಿಲ್ಲವೆಂಬುದನ್ನೂ ಹೇಳಿಬಿಡಬೇಕು. 2004ರ ಜನವರಿ 1ರಿಂದ ರೈಲ್ವೆಗೆ ಹೊಸದಾಗಿ ಸೇರಿದವರಿಗೆ ಆ ಹಳೆಯ ಪಿಂಚಣಿ ಇಲ್ಲವಾಯಿತು, ಮಾರುಕಟ್ಟೆಯ ಏರಿಳಿತಕ್ಕೆ ಕಟ್ಟಿದ ಹೊಸ ಪದ್ಧತಿ ಬಂತು. ಇಪ್ಪತ್ತು ವರ್ಷ ನೌಕರರು ಕೂಗಿದ ಮೇಲೆ, 2025ರ ಏಪ್ರಿಲ್ 1ರಿಂದ ಖಚಿತ ಮೊತ್ತದ ಭರವಸೆಯಿರುವ ಏಕೀಕೃತ ಪಿಂಚಣಿ ಎಂಬ ಇನ್ನೊಂದು ದಾರಿಯನ್ನು ತೆರೆದರು. ಇಲ್ಲಿಯೂ ಆರಿಸಿಕೊಳ್ಳಬೇಕು, ಇಲ್ಲಿಯೂ ಸಹಿ ಹಾಕಬೇಕು. ಇಂದಿನ ಗ್ಯಾಂಗ್‌ಮನ್‌ಗೆ ಟ್ರ್ಯಾಕ್ ಮೆಂಟೇನರ್ ಎಂಬ ಹೊಸ ಹೆಸರು ಬಂದಿದೆ. ಹಳಿಯ ಮೇಲಿನ ಅಪಾಯ ಮಾತ್ರ ಹಳೆಯದೇ. ರೈಲ್ವೆಯ ಸುರಕ್ಷತೆಯನ್ನು ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿಯು 2012ರಲ್ಲಿ, ಕೆಲಸದ ಮೇಲಿರುವಾಗಲೇ ಸಾಯುವ ರೈಲ್ವೆ ಕಾರ್ಮಿಕರ ವಿಷಯವನ್ನು ಎತ್ತಿ ಹೇಳಿತು. ಹುಬ್ಬಳ್ಳಿಯಲ್ಲಿ 2023ರಲ್ಲಿ 1,507 ಮೀಟರ್ ಉದ್ದದ, ಜಗತ್ತಿಗೇ ಉದ್ದವಾದ ಪ್ಲಾಟ್‌ಫಾರಂ ಉದ್ಘಾಟನೆಯಾದದ್ದು ಕನ್ನಡಿಗರಿಗೆಲ್ಲ ಹೆಮ್ಮೆ. 1916ರಲ್ಲಿ ಕಟ್ಟಿದ ನಮ್ಮ ಕಾಚಿಗುಡ ನಿಲ್ದಾಣದ ಗುಮ್ಮಟಗಳನ್ನು ನೋಡಲು ಈಗಲೂ ಜನ ನಿಲ್ಲುತ್ತಾರೆ. ಆ ಗುಮ್ಮಟದ ಕೆಳಗಿನಿಂದ ಹೊರಟ ಗಾಡಿ ಕ್ಷೇಮವಾಗಿ ಮುಟ್ಟುವುದು ಹಳಿ ನೋಡುವವನ ಕಾಲಿನ ಬಲದಿಂದ.

ಅವರ ಸ್ಮರಣೆಗೆ ಕಲ್ಲು ನಿಲ್ಲಿಸಲು ನಮ್ಮ ಸಂಘಕ್ಕೆ ಹಣವಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. ಅವರು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಬಾರದೆಂದು ಸಂಘವು ನಿರ್ಧರಿಸಿದೆ. ತಿಂಗಳ ಮೊದಲ ಮತ್ತು ಮೂರನೆಯ ಭಾನುವಾರ ಮಧ್ಯಾಹ್ನ, ಹೋಟೆಲಿನ ಊಟದ ಹೊತ್ತು ಮುಗಿದ ಮೇಲೆ, ಸಂಘದ ಕೊಠಡಿಯಲ್ಲಿ ಕಾಗದ ನೋಡಲು ಇಬ್ಬರು ಸದಸ್ಯರು ಕೂರುತ್ತಾರೆ. ಆಧಾರ್, ಬ್ಯಾಂಕಿನ ಪುಸ್ತಕ, ಭವಿಷ್ಯನಿಧಿಯ ಖಾತೆ ಸಂಖ್ಯೆ, ಸಂಬಳದ ಚೀಟಿಯಿದ್ದರೆ ಅದು, ಇವಿಷ್ಟನ್ನು ತನ್ನಿ. ಖಾತೆಯಲ್ಲಿ ನಿಮ್ಮ ನಂತರ ಯಾರಿಗೆಂದು ಹೆಸರು ಬರೆಸಿದ್ದೀರಾ, ಹೆಂಡತಿಯ ಹೆಸರು ಸರಿಯಾಗಿದೆಯೇ, ಹಳೆಯ ಹೋಟೆಲಿನ ಸೇವೆ ಸೇರಿದೆಯೇ ಎಂದು ನೋಡಿಕೊಡುತ್ತಾರೆ. ಇಪ್ಪತ್ತೆರಡು ಜನ ದುಡಿಯುವ ಕಡೆ ಹದಿನೆಂಟೇ ಹೆಸರು ಬರೆದಿರುವ ಸಂಗತಿಯಿದ್ದರೆ, ಒಬ್ಬನೇ ಹೋಗಿ ಮಾಲಿಕನ ಮುಂದೆ ನಿಲ್ಲಬೇಡಿ. ಸಂಘಕ್ಕೆ ಹೇಳಿ, ನಾವು ಕೂಡಿ ಹೋಗೋಣ.

ಹೊಸದಾಗಿ ಊರಿನಿಂದ ಬಂದು ಕೆಲಸಕ್ಕೆ ಸೇರಿದ ಹುಡುಗರನ್ನು ಹಳಬರು ಜೊತೆಯಲ್ಲಿ ಕರೆತರಬೇಕು. ಅವರ ಕಾಗದ ಈಗಿನಿಂದಲೇ ಸರಿಯಾಗಿದ್ದರೆ ಮುಂದೆ ಬರ್ಕತ್‌ಪುರಕ್ಕೆ ಅಲೆಯುವುದು ತಪ್ಪುತ್ತದೆ.